ನಂಬರ್ ಪ್ಲೇಟ್ ಇರುವ ತೇರು

ನಮ್ಮ ಜಿಲ್ಲೆಯಲ್ಲಿ ಆರ್.ಸಿ. ಅಂದರೆ ಎರಡು. ಒಂದು ಗಾಡಿಯ ಆರ್.ಸಿ. ಬುಕ್ಕು. ಇನ್ನೊಂದು ಮುಳುಗಡೆಯಾದ ಊರಿಗೆ ಸರ್ಕಾರ ಕಟ್ಟಿಕೊಟ್ಟ ಪುನರ್ವಸತಿ ಕೇಂದ್ರ. ಅದಕ್ಕೂ ಜನ ಆರ್.ಸಿ. ಅಂತಲೇ ಅನ್ನುವುದು. ಎರಡನೆಯ ಆರ್.ಸಿ.ಯ ದೆಸೆಯಿಂದ ಬಂದ ರೊಕ್ಕದಲ್ಲಿ ಮೊದಲನೆಯ ಆರ್.ಸಿ. ಮಾಡಿಸಿಕೊಂಡ ಪುಣ್ಯಾತ್ಮರಲ್ಲಿ ನಾನೂ ಒಬ್ಬ. ಬೇರೆಯವರು ಹೊಸ ಗಾಡಿ ಕೊಂಡರು, ನಾನು ಹಳೆಯದು ಕೊಂಡೆ. ಅವರದು ಕಂತು ಮುಗಿದ ದಿನ ಮುಗಿಯಿತು. ನನ್ನದು ಇನ್ನೂ ನಡೆದಿದೆ. ಗಾಡಿ ಅಲ್ಲ, ಖರ್ಚು.

ಕಲಾದಗಿಯಿಂದ ಕೆಳಗೆ, ಘಟಪ್ರಭೆಯ ದಂಡೆಗೆ ನಮ್ಮಪ್ಪನ ನಾಲ್ಕೆಕರೆ ತೋಟ ಇತ್ತು. ದಾಳಿಂಬೆ, ನಿಂಬೆ, ಬದುವಿಗೆ ನಾಲ್ಕು ಚಿಕ್ಕು ಗಿಡ. ಆಲಮಟ್ಟಿಯಲ್ಲಿ ನೀರು 519.6 ಮೀಟರಿಗೆ ನಿಂತಿತು. ಹಿನ್ನೀರು ನಮ್ಮ ತೋಟಕ್ಕೆ ಬಂದು ನಿಂತಿತು. ಅಪ್ಪ ಕೋರ್ಟಿಗೆ ಹೋಗಿ ನಿಂತ. ಎಲ್ಲರೂ ನಿಂತರು, ಪರಿಹಾರ ಒಂದೇ ಕುಂತಿತ್ತು. ಅದು ಎದ್ದು ಬರುವ ಹೊತ್ತಿಗೆ ಅಪ್ಪ ಇರಲಿಲ್ಲ.

ರೊಕ್ಕ ಖಾತೆಗೆ ಬಿದ್ದ ದಿನ ಮನೆಯಾಕೆ, "ರೀ, ನೀರು ಬರದ ಕಡೆ ಎರಡೆಕರೆ ಹೊಲ ತಗೋರಿ" ಅಂದಳು. ನಾನು ನೀರಿನಲ್ಲೂ ಹೋಗುವ ಗಾಡಿ ತಗೊಂಡೆ. ಇಳಕಲ್ಲಿನ ಒಬ್ಬ ಗ್ರಾನೈಟ್ ಸಾಹುಕಾರರ ಶೆಡ್ಡಿನಲ್ಲಿ ಅದು ಗೋಣಿಚೀಲ ಹೊದ್ದುಕೊಂಡು ಕುಂತಿತ್ತು. ಇಳಕಲ್ಲಿನ ಕೆಂಪು ಕಲ್ಲು ಹಡಗು ಹತ್ತಿ ಪರದೇಶಕ್ಕೆ ಹೋಗುತ್ತಿದ್ದ ಭರಾಟೆಯ ಕಾಲದಲ್ಲಿ, ತಿರುಗಿ ಬಂದ ಹಡಗಿನಲ್ಲಿ ಇದು ಬಂತಂತೆ. 1996ರ ಮಾಡೆಲ್ಲು. ತೊಗಲಿನ ಸೀಟು, ಕಟ್ಟಿಗೆಯ ಡ್ಯಾಷ್‌ಬೋರ್ಡು, ಒಂದಕ್ಕೆ ಎರಡು ಗೇರಿನ ಕೋಲು. ಕಂಪನಿಯ ಹೆಸರು ಹೇಳುವುದಿಲ್ಲ. ಅವರ ತಪ್ಪೇನೂ ಇಲ್ಲ. ಅವರು ಗಾಡಿ ಮಾಡಿದ್ದರು, ನಾನು ಅದನ್ನು 'ಕ್ಲಾಸಿಕ್' ಮಾಡಲು ಹೊರಟೆ. ಕೀಲಿ ಕೊಡುವಾಗ ಸಾಹುಕಾರರು ನನ್ನ ಎರಡೂ ಕೈ ಹಿಡಿದುಕೊಂಡರು. ಮಗಳನ್ನು ಗಂಡನ ಮನೆಗೆ ಕಳಿಸುವ ಅಪ್ಪನ ಹಾಗೆ ಕಣ್ಣು ತುಂಬಿ ಬಂದಿದ್ದವು. ಅದು ದುಃಖವಲ್ಲ, ಬಿಡುಗಡೆ ಅಂತ ತಿಳಿಯಲು ನನಗೆ ಮೂರು ತಿಂಗಳು ಹಿಡಿಯಿತು.

ನಮ್ಮ ಕಡೆ ಎತ್ತರದ ಮೈ, ದಪ್ಪ ಗಾಲಿ ಇದ್ದದ್ದೆಲ್ಲ ಜೀಪೇ. ಅದರಲ್ಲಿ ತಪ್ಪೂ ಇಲ್ಲ; ಈ ವಂಶಕ್ಕೆಲ್ಲ ಮೂಲಪುರುಷ ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪು. ಮಹೀಂದ್ರಾದವರು ಮುಂಬೈಯಲ್ಲಿ ಅದನ್ನು ಜೋಡಿಸತೊಡಗಿದರು. ಆಮೇಲೆ ತಹಶೀಲ್ದಾರರು, ಫೌಜದಾರರು, ಚುನಾವಣೆಗೆ ನಿಂತವರು, ಮದುವೆಗೆ ಹೊರಟವರು ಎಲ್ಲರೂ ಅದರಲ್ಲೇ. ಬ್ರಿಟನ್ನಿನಲ್ಲಿ ಅದೇ ಜೀಪನ್ನು ಹೊಲದಲ್ಲಿ ಓಡಿಸಿ ನೋಡಿದವರು 1948ರಲ್ಲಿ ಲ್ಯಾಂಡ್ ರೋವರ್ ಮಾಡಿದರು, ರೈತರಿಗೆ ಅಂತ. 1970ರಲ್ಲಿ ಅದರ ತಮ್ಮ ರೇಂಜ್ ರೋವರ್ ಹುಟ್ಟಿತು. ಮೂರೂವರೆ ಲೀಟರಿನ ಎಂಟು ಸಿಲಿಂಡರ್ ಎಂಜಿನ್ನು ನಿಜ, ಆದರೆ ಕೆಸರು ಮೆತ್ತಿದರೆ ಒಳಗಿನ ನೆಲಕ್ಕೆ ಪೈಪು ಹಿಡಿದು ತೊಳೆಯಬಹುದಾಗಿತ್ತು. ಮರುವರ್ಷ ಅದನ್ನು ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಮ್ಮಿನಲ್ಲಿ ಪ್ರದರ್ಶನಕ್ಕೆ ಇಟ್ಟರು. ಅಲ್ಲಿಂದಲೇ ಈ ಕುಲಕ್ಕೆ ಶನಿ ಹತ್ತಿತು ಅಂತ ನನ್ನ ಲೆಕ್ಕ. ಹೊಲಕ್ಕೆ ಅಂತ ಹುಟ್ಟಿದ್ದನ್ನು ಒಮ್ಮೆ ಮ್ಯೂಸಿಯಮ್ಮಿಗೆ ಒಯ್ದಿರೋ, ತೊಗಲು ಬಂತು, ಕಟ್ಟಿಗೆ ಬಂತು, ಏಸಿ ಬಂತು, ಕೆಸರೊಂದು ಬೇಡವಾಯಿತು. 2008ರಲ್ಲಿ ಟಾಟಾದವರು ಆ ಕಂಪನಿಯನ್ನೇ ಕೊಂಡಾಗ, ನಮ್ಮನ್ನು ಆಳಿದವರ ಗಾಡಿ ನಮ್ಮದಾಯಿತು ಅಂತ ನಾವು ಮೀಸೆ ತಿರುವಿದೆವು. ಹಳೆಯ ವಿಲಾಯಿತಿ ಗಾಡಿಗಳ ಪಾರ್ಟು ಮಾತ್ರ ಇವತ್ತಿಗೂ ಪೌಂಡಿನಲ್ಲೇ ಮಾತಾಡುತ್ತದೆ.

ಹಳೆಯ ಗಾಡಿಯ ಹಿಂದೆ ಹೊಸ ಭಾಷೆಯೂ ಬಂತು. ಹಳೆಯ ಗಾಡಿಯವರದು ಒಂದು ಮಠ. ಬೆಂಗಳೂರು, ಪುಣೆ, ಕೊಲ್ಹಾಪುರದಲ್ಲೆಲ್ಲ ಅದಕ್ಕೆ ಭಕ್ತರಿದ್ದಾರೆ. ದೀಕ್ಷೆ ತಗೊಂಡ ಮೊದಲ ದಿನವೇ ಪಾಠ ಆಯಿತು: ಜಂಗು ಅನ್ನಬಾರದು, 'ಪಟಿನಾ' ಅನ್ನಬೇಕು. ಜಂಗು ಇಂಗ್ಲಿಷ್ ಮೀಡಿಯಮ್ಮಿಗೆ ಹೋದರೆ ಪಟಿನಾ. ಎಣ್ಣೆ ಸೋರುತ್ತದೆ ಅನ್ನಬಾರದು, ಅದು ಗಾಡಿಯ 'ಸ್ವಭಾವ'. ಚಾಲೂ ಆಗಲಿಲ್ಲ ಅನ್ನಬಾರದು, 'ಇವತ್ತು ಮೂಡ್ ಇಲ್ಲ'. ಚಾಸಿ ನಂಬರು, ಎಂಜಿನ್ ನಂಬರು ಕಾರ್ಖಾನೆಯಿಂದ ಜೋಡಿಯಾಗಿ ಬಂದಂತೆಯೇ ಉಳಿದಿದ್ದರೆ ಅದು 'ಮ್ಯಾಚಿಂಗ್ ನಂಬರ್'. ನಮ್ಮ ಮದುವೆಯಲ್ಲಿ ಜಾತಕವನ್ನೂ ಯಾರೂ ಇಷ್ಟು ಕಣ್ಣಿಟ್ಟು ನೋಡಿರಲಿಲ್ಲ. ಎಂಜಿನ್ ಬದಲಾದ ಗಾಡಿ ಪಂಕ್ತಿಯಲ್ಲಿ ಕೂರುವಂತಿಲ್ಲ. ಪರಕೀಯ ಬೋಲ್ಟು ಮುಟ್ಟಿದರೆ ಮೈಲಿಗೆ. ಕೂಡಲಸಂಗಮದ ಸೀಮೆಯಲ್ಲಿ ಹುಟ್ಟಿದವರು ನಾವು. ಇವ ಯಾರವ ಅಂತ ಕೇಳಬೇಡಿ ಅಂತ ಎಂಟುನೂರು ವರ್ಷದಿಂದ ಹೇಳಿಸಿಕೊಂಡವರು. ಮನುಷ್ಯರ ಕುಲ ಕೇಳುವುದನ್ನೇ ಇನ್ನೂ ಬಿಟ್ಟಿಲ್ಲ. ಈಗ ಬೋಲ್ಟಿನದನ್ನೂ ಶುರು ಹಚ್ಚಿದ್ದೇವೆ.

ನನ್ನ ಕಲಾದಗಿಯ ಮಿಸ್ತ್ರಿ ಈ ಮಠದ ಶಿಷ್ಯನಲ್ಲ. ಒಂದು ಬೇವಿನ ಗಿಡ, ನಾಲ್ಕು ತಗಡು, ಒಂದು ಜ್ಯಾಕು, ಇಷ್ಟೇ ಆತನ ಗ್ಯಾರೇಜು. ಮುಂದಿನ ಎಕ್ಸೆಲ್ಲಿಗೆ ಒಂದು ರಬ್ಬರ್ ಬುಷ್ ಬೇಕಾಗಿತ್ತು. ನಾನು ಇಂಗ್ಲೆಂಡಿಗೆ ರೊಕ್ಕ ಕಳಿಸಿ ಏಳು ವಾರ ಕಾದೆ. ಎಂಟನೆಯ ವಾರ ಮಿಸ್ತ್ರಿಯ ತಾಳ್ಮೆ ಹರಿಯಿತು. ಕಲ್ಲಿನ ಕ್ರಷರಿನವರು ಸವೆಯಿತು ಅಂತ ಬಿಸಾಕಿದ್ದ ಬೆಲ್ಟಿನ ತುಂಡನ್ನು ಕಾಲಡಿ ಇಟ್ಟುಕೊಂಡ. ಹಳೆಯ ಬುಷ್ ಅದರ ಮೇಲೆ ಕೂರಿಸಿ ಸೀಮೆಸುಣ್ಣದಿಂದ ಸುತ್ತಲೂ ಗೆರೆ ಹೊಡೆದ. ಬಾಯಿಯ ತಂಬಾಕನ್ನು ಎಡಗಲ್ಲಕ್ಕೆ ದಬ್ಬಿದ. ಚೂರಿಯನ್ನು ನೀರಿನಲ್ಲಿ ಅದ್ದಿ ಅದ್ದಿ ಕೊಯ್ದ. ಒದ್ದೆ ಚೂರಿಗೆ ರಬ್ಬರು ಬೆಣ್ಣೆಯಂತೆ ಬಿಡುತ್ತದೆ, ಒಣ ಚೂರಿಗಾದರೆ ಹಟ ಹಿಡಿಯುತ್ತದೆ. ಮೂರು ಬಿಲ್ಲೆ ಕೊಯ್ದು, ಒಂದರ ಮೇಲೊಂದು ಇಟ್ಟು, ನಡುವೆ ತೂತು ತೆಗೆದು, ಹೆಬ್ಬೆಟ್ಟಿನ ಉಗುರಿನಿಂದ ಅಂಚು ಸವರಿ ನೋಡಿ, ಸುತ್ತಿಗೆಯಿಂದ ನಾಲ್ಕು ಏಟು ಕೊಟ್ಟು ಕೂರಿಸಿದ. ಇಪ್ಪತ್ತು ನಿಮಿಷದ ಕೆಲಸ, ಇನ್ನೂರು ರೂಪಾಯಿ.

ಇಪ್ಪತ್ತು ದಿನ ಬಿಟ್ಟು ವಿಲಾಯಿತಿಯ ಪೊಟ್ಟಣ ಬಂತು. ಅದರ ಮೇಲಿನ ಕಸ್ಟಮ್ಸ್ ಸುಂಕದಲ್ಲಿ ಮಿಸ್ತ್ರಿಯ ಮಗಳ ಒಂದು ವರ್ಷದ ಶಾಲೆಯ ಫೀ ಮುಗಿಯುತ್ತಿತ್ತು. "ಅದನ್ನ ತಗದು ಇದನ್ನ ಹಾಕು" ಅಂದೆ. ಮಿಸ್ತ್ರಿ ಬೆಲ್ಟಿನದನ್ನು ಬಿಚ್ಚಿ ಎಡಗೈಯಲ್ಲಿ, ಹೊಸದನ್ನು ಬಲಗೈಯಲ್ಲಿ ಹಿಡಿದು ತೂಗಿದ.

"ಸಾಹೇಬ್ರ, ಇದು ಗಾಡಿ ಹೋಗಾಕ. ಅದು ಗಾಡಿ ತೋರ್ಸಾಕ. ಯಾವುದು ಹಾಕ್ಲಿ, ನೀವ ಹೇಳ್ರಿ."

ನಾನು ತೋರಿಸುವುದನ್ನೇ ಹಾಕಿಸಿದೆ. ಹೋಗುವುದನ್ನು ಆತ ಕೊಯ್ದು ಸಣ್ಣದು ಮಾಡಿ ಯಾವುದೋ ಟಂಟಂಗೆ ಕೂರಿಸಿದ. ಆ ಟಂಟಂ ದಿನಾ ನನ್ನನ್ನು ದಾಟಿಕೊಂಡು ಬಾಗಲಕೋಟೆಗೆ ಹೋಗುತ್ತದೆ.

ಗಾಡಿಗೆ ಮನೆ ಬೇಕಲ್ಲ. ಎತ್ತು ಮಾರಿ ಆಗಿತ್ತು. ಅಪ್ಪ ಕಟ್ಟಿಸಿದ ಗ್ವಾದಲಿ ಕಿತ್ತಿಸಿ ಶೆಡ್ಡು ಹಾಕಿಸಿದೆ. ಎತ್ತಿಗೆ ಕಣಿಕೆ ಹಾಕಿದರೆ ಸಗಣಿಯಾದರೂ ಸಿಗುತ್ತಿತ್ತು. ಇದು ಲೀಟರಿಗೆ 5 ಕಿಲೋಮೀಟರ್ ಹೋಗಿ ಹೊಗೆ ಕೊಡುತ್ತದೆ. ಸೀಟಿನ ತೊಗಲು ಹರಿದಾಗ ಮನೆಯಾಕೆ, "ಗುಳೇದಗುಡ್ಡದ ಖಣ ಹಾಕಿ ಹೊಲಸ್ರಿ, ಚೆಂದ ಕಾಣತೈತಿ" ಅಂದಳು. ಖಣ ಒರಿಜಿನಲ್ ಅಲ್ಲ ಅಂತ ನಾನು ತಿಳಿಸಿ ಹೇಳಿದೆ. ಗುಳೇದಗುಡ್ಡ ಇರುವುದು ನಮ್ಮನೆಯ ಹಿಂದಿನ ಗುಡ್ಡದಾಚೆ. ಒರಿಜಿನಲ್ ತೊಗಲು ಇರುವುದು ಸಮುದ್ರದಾಚೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಆಕೆ ನನ್ನ ಗಾಡಿಯನ್ನು ತಿರುಗಿಯೂ ನೋಡುವುದಿಲ್ಲ. ನಾನು ಬ್ಯಾಟರಿಗೆ ಚಾರ್ಜು ಹಚ್ಚಿ, ರೇಡಿಯೇಟರಿಗೆ ನೀರು ಹಾಕಿ, ಸೆಲ್ಫು ಹೊಡೆಯುತ್ತಿರುವಾಗ, ಆಕೆ ಪುಕ್ಕಟೆ ಬಸ್ಸಿನಲ್ಲಿ ಬನಶಂಕರಿಗೆ ಹೋಗಿ ಕಾಯಿ ಒಡೆಸಿಕೊಂಡು ಬಂದು, ಆ ಕಾಯಿಯ ಚಟ್ನಿಯನ್ನೂ ಅರೆದಿರುತ್ತಾಳೆ. ಬಂದವರು "ಇದೇನ್ರೀ ಶೆಡ್ಡಿನಾಗ?" ಅಂತ ಕೇಳಿದರೆ ಆಕೆಯ ಉತ್ತರ ಒಂದೇ: "ನಮ್ಮನಿ ತೇರು. ವರ್ಷಕ್ಕೊಮ್ಮೆ ಹೊರಗ ಬರ್ತೈತಿ, ಹತ್ತು ಮಂದಿ ಎಳೀಬೇಕು, ಒಳಗ ಕುಂತ ದೇವ್ರು ಮಾತಾಡೂದಿಲ್ಲ."

ಸರ್ಕಾರದ ಕಣ್ಣಿನಲ್ಲಿ ಗಾಡಿಗೂ ಆಶ್ರಮಧರ್ಮ ಉಂಟು. 15 ವರ್ಷದ ತನಕ ಅದು ಗೃಹಸ್ಥ. ಆಮೇಲೆ ಐದೈದು ವರ್ಷಕ್ಕೊಮ್ಮೆ ಆರ್.ಸಿ. ನವೀಕರಿಸಿ ಬದುಕಿದ್ದೇನೆ ಅಂತ ತೋರಿಸಬೇಕು. ಮೊದಲು ಕಾರಿಗೆ ಅದಕ್ಕೆ 600 ರೂಪಾಯಿ ಇತ್ತು. 2022ರ ಏಪ್ರಿಲ್‌ನಿಂದ 5,000 ಆಯಿತು, ಪರದೇಶದಿಂದ ತರಿಸಿದ್ದಕ್ಕೆ 40,000. 2025ರ ಆಗಸ್ಟ್‌ನಲ್ಲಿ ಇನ್ನೊಂದು ಮೆಟ್ಟಿಲು ಕಟ್ಟಿದರು: 20 ವರ್ಷ ದಾಟಿದ ದೇಸಿ ಕಾರಿಗೆ 10,000, ಪರದೇಶದ್ದಕ್ಕೆ 80,000. ಅದೇ ಗಾಡಿ 50 ವರ್ಷ ದಾಟಿತೋ, 2021ರ ನಿಯಮದ ಪ್ರಕಾರ ಅದು 'ವಿಂಟೇಜ್'. 20,000 ಕಟ್ಟಿದರೆ ನಂಬರಿನಲ್ಲಿ 'ವಿಎ' ಅಂತ ಬಿರುದು, 10 ವರ್ಷದ ಮಾನ್ಯತೆ. ಆದರೆ ದಿನದ ಓಡಾಟಕ್ಕೆ ರಸ್ತೆಗೆ ಇಳಿಸುವ ಹಾಗಿಲ್ಲ. ಅಂದರೆ 20ಕ್ಕೆ ಮುದುಕ, 50ಕ್ಕೆ ಪೂಜ್ಯ. ನಡುವಿನ 30 ವರ್ಷ ದಂಡ. ಪೂಜ್ಯನಾದ ಮೇಲೆ ತಿರುಗಾಡಬಾರದು, ಗದ್ದುಗೆಯ ಮೇಲೆ ಕೂರಬೇಕು. ನನ್ನ ಗಾಡಿ 2046ರಲ್ಲಿ ಪೂಜ್ಯವಾಗುತ್ತದೆ. ಅಷ್ಟು ಹೊತ್ತಿಗೆ ನನ್ನ ಫೋಟೋಕ್ಕೂ ಮಾಲೆ ಬಿದ್ದಿರುತ್ತದೆ. ಇಬ್ಬರೂ ಒಟ್ಟಿಗೆ ಗೋಡೆಗೆ ಒರಗಬಹುದು.

ನಮ್ಮ ಸೀಮೆಗೆ ಈ 'ಕ್ಲಾಸಿಕ್' ಅನ್ನುವುದು ಹೊಸದಲ್ಲ ಬಿಡಿ. ಕಲಾದಗಿಯೇ ಒಂದು ಕ್ಲಾಸಿಕ್. ಬ್ರಿಟಿಷರ ಕಾಲದಲ್ಲಿ ಜಿಲ್ಲೆಯ ಹೆಸರೇ ಕಲಾದಗಿ ಜಿಲ್ಲೆ. 1880ರ ದಶಕದಲ್ಲಿ ಕಲೆಕ್ಟರ್ ಸಾಹೇಬರು ಕಚೇರಿಯನ್ನು ಬಿಜಾಪುರಕ್ಕೆ ಒಯ್ದರು. ಎಂಜಿನ್ ಇಳಿಸಿದ ಗಾಡಿಯ ಹಾಗೆ ಊರು ಇದ್ದಲ್ಲೇ ನಿಂತಿತು. ಹೆಸರು ಉಳಿದದ್ದು ಹಣ್ಣಿನಲ್ಲಿ ಮತ್ತು ಕಲ್ಲಿನಲ್ಲಿ: ನೂರು ಕೋಟಿ ವರ್ಷಕ್ಕೂ ಹಳೆಯ ನಮ್ಮ ಬಂಡೆಗಳಿಗೆ ಭೂಗರ್ಭಶಾಸ್ತ್ರದವರು ಕಲಾದಗಿ ಅಂತಲೇ ಹೆಸರಿಟ್ಟಿದ್ದಾರೆ. ಐಹೊಳೆಯ ಲಾಡ್‌ಖಾನ್ ಗುಡಿಗೆ ಆ ಹೆಸರು ಬಂದದ್ದು ಅದರೊಳಗೆ ವಾಸ ಮಾಡಿದವನಿಂದ. ಚಾಲುಕ್ಯರ ಗುಡಿಯಲ್ಲಿ ಒಬ್ಬ ಸಂಸಾರ ಹೂಡಿದರೂ ನಮಗೆ ಏನೂ ಅನ್ನಿಸಲಿಲ್ಲ. ನನ್ನ ಗಾಡಿಯ ಬಾನೆಟ್ಟಿನ ಮೇಲೆ ಬೆಕ್ಕು ಮಲಗಿದರೆ ಮಾತ್ರ ನಾನು ರಾತ್ರಿಯೆಲ್ಲ ಕಾವಲು ಕೂರುತ್ತೇನೆ.

ಈಗ ಹೇಳಬೇಕಾದದ್ದು ಹೇಳಿಬಿಡುತ್ತೇನೆ.

ಎರಡು ವರ್ಷದ ರಿಪೇರಿ ಮುಗಿದು ಗಾಡಿ ಮಿರಿಮಿರಿ ಮಿಂಚತೊಡಗಿದ್ದು 2019ರ ಜುಲೈಯಲ್ಲಿ. ಆಗಸ್ಟ್‌ನಲ್ಲಿ ಹೊಳೆ ಬಂತು. ಆ ವರ್ಷ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂವರೂ ಒಟ್ಟಿಗೆ ಎದ್ದರು. ಮಲಪ್ರಭೆ ಪಟ್ಟದಕಲ್ಲಿನ ಗುಡಿಗಳೊಳಗೆ ಹೊಕ್ಕಳು; ಘಟಪ್ರಭೆ ನಮ್ಮೂರಿನ ಕೆಳಗಿನ ಓಣಿಗೆ ಬಂದಳು. ನನ್ನ ಗಾಡಿಯ ಪುಸ್ತಕದಲ್ಲಿ ಸ್ಪಷ್ಟವಾಗಿ ಅಚ್ಚಾಗಿದೆ: ಮೊಳಕಾಲು ಮಟ್ಟದ ನೀರಿನಲ್ಲಿ ನಿಶ್ಚಿಂತೆಯಿಂದ ಹೋಗಬಹುದು. ಚಿತ್ರವೂ ಇದೆ. ಗಾಡಿ ನೀರು ಸೀಳುತ್ತಿದೆ, ಒಳಗೆ ಕುಂತವರು ನಗುತ್ತಿದ್ದಾರೆ. ಓಣಿಯಲ್ಲಿ ಅವತ್ತು ಇದ್ದದ್ದು ಮೊಳಕಾಲು ಮಟ್ಟದ ನೀರೇ.

ಡಂಗುರ ಕೇಳಿದ ಕೂಡಲೇ ನನಗೆ ಮೊದಲು ನೆನಪಾದದ್ದು ಹೊಸ ಬಣ್ಣ. ಆಮೇಲೆ ತೊಗಲು. ಆಮೇಲೆ ಚಾಸಿ. ಒಂದೇ ಸೆಲ್ಫಿಗೆ ಗಾಡಿ ಎದ್ದಿತು. ಜನ್ಮದಲ್ಲಿ ಒಮ್ಮೆ ಮಾತು ಕೇಳಿತು. ಮುಳುಗಡೆಯವರಿಗೆಂದೇ ಎತ್ತರದಲ್ಲಿ ಕಟ್ಟಿದ ಬಾಗಲಕೋಟೆಯ ನವನಗರದ ಕಡೆಗೆ ಹೊಡೆದೆ. ದಾರಿಯ ತಿರುವಿನಲ್ಲಿ ಕೆಳಗಿನ ಓಣಿಯ ಅಜ್ಜಿಯೊಬ್ಬಾಕೆ ತಲೆಯ ಮೇಲೆ ಗಂಟು, ಕಂಕುಳಲ್ಲಿ ಕೋಳಿಬುಟ್ಟಿ ಇಟ್ಟುಕೊಂಡು ಕೈ ಮಾಡಿದಳು. ಹಿಂದಿನ ಸೀಟು ಖಾಲಿ ಇತ್ತು. ಸೀಟಿಗೆ ಹಚ್ಚಿದ ತೊಗಲಿನ ಮೇಣ ಇನ್ನೂ ಆರಿರಲಿಲ್ಲ. ನಾನು ಹಾರ್ನು ಹೊಡೆದೆ, ನಮಸ್ಕಾರ ಅನ್ನುವ ಹಾಗೆ.

ನೀರು ದಾಟಲೆಂದೇ ಮಾಡಿದ ಗಾಡಿ, ನೀರು ಬಂತು ಅಂತ ಊರಿನಲ್ಲಿ ಎಲ್ಲರಿಗಿಂತ ಮೊದಲು ಊರು ಬಿಟ್ಟಿತು. ಕೆಳಗಿನ ಓಣಿಯನ್ನು ದಾಟಿಸಿದ್ದು ಕಬ್ಬು ಸಾಗಿಸುವ ಒಂದು ಟ್ರ್ಯಾಕ್ಟರು. ಅದಕ್ಕೆ ಟಪ್ಪೂ ಇರಲಿಲ್ಲ, ಪಟಿನಾ ಬೇಕಾದಷ್ಟಿತ್ತು. ಐದು ಸಲ ಹೋಗಿ ಬಂತಂತೆ. ಕೊನೆಯ ಸಲಕ್ಕೆ ಅಜ್ಜಿ, ಕೋಳಿ, ಯಾರದೋ ಹೊಲಿಗೆ ಮಷೀನು, ಎರಡು ಆಡು. ನೀರು ಇಳಿದ ಮೇಲೆ ಟ್ರ್ಯಾಕ್ಟರಿನ ಮೈಗೆ ಒಂದು ಬಕೆಟ್ ನೀರು ಗೊಜ್ಜಿದರು. ಅದಕ್ಕೆ ಅಷ್ಟೇ ರಿಸ್ಟೋರೇಶನ್ನು.

ಹತ್ತು ದಿನ ಬಿಟ್ಟು ನಾನು ಊರಿಗೆ ತಿರುಗಿ ಬಂದಾಗ ಅಜ್ಜಿ ಬೀದಿಯಲ್ಲಿ ಕೌದಿ ಒಣಹಾಕುತ್ತಿದ್ದಳು. ಬೈಯುತ್ತಾಳೆ ಅಂತ ತಯಾರಾಗಿಯೇ ಇದ್ದೆ. ಆಕೆ ಗಾಡಿಯನ್ನು ಒಂದು ಸುತ್ತು ನೋಡಿ, "ಯಪ್ಪಾ, ನಿನ್ನ ಗಾಡಿ ತೋಯಲಿಲ್ಲ ಹೌದಲ್ಲೋ? ಪಾಡ ಆತ ಬಿಡು" ಅಂದಳು. ಮನಸಾರೆ ಅಂದಳು. ಅವತ್ತಿನಿಂದ ನನಗೆ ವ್ಯಂಗ್ಯ ಬರೆಯುವುದರಲ್ಲಿ ಮೊದಲಿನ ರುಚಿ ಇಲ್ಲ. ಇನ್ನು 524.256 ಮೀಟರಿಗೆ ಆಲಮಟ್ಟಿ ಏರಿದರೆ ಶೆಡ್ಡಿಗೂ ನೀರು ಬರುತ್ತದೆ ಅನ್ನುತ್ತಾರೆ. ಬರಲಿ. ಒಂದು ಆರ್.ಸಿ.ಯೊಳಗೆ ಇನ್ನೊಂದು ಆರ್.ಸಿ. ನಿಲ್ಲಿಸಿಕೊಳ್ಳುತ್ತೇನೆ.

ಮನೆಯಾಕೆ ತೇರು ಅಂದದ್ದು ನನಗೆ ಬೈಗುಳ ಅನ್ನಿಸಿತ್ತು. ಕಳೆದ ಬನದ ಹುಣ್ಣಿಮೆಗೆ ಚೊಳಚಗುಡ್ಡದಲ್ಲಿ ಬನಶಂಕರಿಯ ತೇರು ಎಳೆಯುವುದನ್ನು ಹತ್ತಿರದಿಂದ ನೋಡಿದಾಗ ತಿಳಿಯಿತು, ಬೈಗುಳವೇನೋ ಹೌದು, ಆದರೆ ಅದು ತೇರಿಗೆ ಹತ್ತುವ ಬೈಗುಳ. ತೇರಿನ ಹಗ್ಗ ರೋಣ ತಾಲ್ಲೂಕಿನ ಮಾಡಲಗೇರಿಯಿಂದ ಎತ್ತು ಹೂಡಿದ ಹಳಿಬಂಡಿಯಲ್ಲಿ ಬರುತ್ತದೆ. ಹಗ್ಗ ಒಂದೂರಿನದು, ಎಳೆಯುವ ಕೈ ನೂರೂರಿನವು. ಅಚ್ಚು ಮುರಿದರೆ ಬಡಿಗೇರರು ಹೊಸ ಅಚ್ಚು ಕೆತ್ತುತ್ತಾರೆ. ಇದು ಒರಿಜಿನಲ್ಲೇ ಅಂತ ಯಾರೂ ಕೇಳುವುದಿಲ್ಲ. ಗಾಲಿ ಬದಲಾಗುತ್ತದೆ, ಹಗ್ಗ ಬದಲಾಗುತ್ತದೆ, ಎಳೆಯುವವರು ಸತ್ತು ಅವರ ಮಕ್ಕಳು ಬರುತ್ತಾರೆ; ತೇರು ಅದೇ ತೇರು. ವರ್ಷಕ್ಕೆ ಒಂದೇ ದಿನ ನಡೆದರೂ, ಹೊರಟ ಮೇಲೆ ಪಾದಗಟ್ಟಿ ಮುಟ್ಟಿಯೇ ತಿರುಗುತ್ತದೆ. ನಾವೋ, ಒಂದು ತಿರುಪಿನ ಕುಲ ಕಾಯುತ್ತ ಕುಂತು ಗಾಡಿ ಯಾಕೆ ಹುಟ್ಟಿತು ಅನ್ನುವುದನ್ನೇ ಮರೆತವರು.

ಇಷ್ಟೆಲ್ಲ ಜ್ಞಾನೋದಯವಾಗಿ ತಿರುಗಿ ಬಂದು ಕೀಲಿ ತಿರುವಿದರೆ ಗಾಡಿಗೆ ಮೂಡ್ ಇರಲಿಲ್ಲ. ಕಟ್ಟಿಗೆಯ ಬಾಗಿಲು, ಚೌಕಟ್ಟು ಮಾರುವ ಸಾಲಿನ ನಟ್ಟನಡುವೆ ನಿಂತುಬಿಟ್ಟಿತ್ತು. ಹಿಂದೆ ಬಾಗಿಲು ಹೇರಿಕೊಂಡ ಟ್ರ್ಯಾಕ್ಟರುಗಳು ಹಾರ್ನು ಹೊಡೆಯತೊಡಗಿದವು. ಜಾತ್ರೆಯ ಹುಡುಗರು ಕೇಳದೆಯೇ ಬಂದರು. ಆಗಷ್ಟೇ ತೇರು ಎಳೆದು ಕೈ ಇನ್ನೂ ಬಿಸಿ ಇತ್ತು. ಹತ್ತಲ್ಲ, ಹದಿನೈದು ಮಂದಿ. ಒಬ್ಬ "ಹರ ಹರ" ಅಂದ, ಉಳಿದವರು "ಮಹಾದೇವ" ಅಂತ ಹೆಗಲು ಕೊಟ್ಟರು. ಗಾಡಿ ಅಲುಗಿತು. ಗುಂಪಿನಲ್ಲಿ ಯಾವನೋ ತುಂಟ, ಕೈಯಲ್ಲಿ ಉಳಿದಿದ್ದ ಉತ್ತತ್ತಿಯನ್ನು ತೇರಿಗೆ ಒಗೆದಂತೆ ಬೀಸಿ ಒಗೆದ. ಅದು ಬಾನೆಟ್ಟಿಗೆ ಟಣ್ ಅಂತ ಬಡಿಯಿತು.

ಬಣ್ಣ ಎದ್ದಿತೇನೋ ಅಂತ ನಾನು ಓಡಿಹೋಗಿ ಬಾನೆಟ್ಟಿಗೆ ಹಣೆ ತಾಗುವಷ್ಟು ಬಗ್ಗಿದೆ. ನೋಡಿದವರು, ನಮಸ್ಕಾರ ಹಾಕಿದೆ ಅಂದುಕೊಂಡರು.